ತಾನೇ ಗೇರು ಬದಲಿಸುವ ಗಾಡಿ ಗುಡ್ಡವೇರಿದಾಗ

ಕ್ಲಚ್ಚಿನ ಪೆಡಲು ಇಲ್ಲದ ಮೋಟಾರನ್ನು ಕಂಡು ಬೆರಗಾಗುವ ಕಾಲ ಕಳೆದುಹೋಯಿತು. ದಿಲ್ಲಿಯಿಂದ ಫರೀದಾಬಾದಿಗೆ ಹೋಗುವ ಮಥುರಾ ರಸ್ತೆಯಲ್ಲಿ ಬೆಳಗಿನ ಹೊತ್ತು ಸಾಲುಗಟ್ಟಿ ನಿಲ್ಲುವ ಗಾಡಿಗಳಲ್ಲಿ ಎಷ್ಟೋ ಕಡೆ ಚಾಲಕನ ಎಡಗಾಲಿಗೆ ಕೆಲಸವೇ ಇಲ್ಲ. ನಮ್ಮ ವಾಚಕರಲ್ಲಿ ಸ್ವಂತ ಮೋಟಾರು ಉಳ್ಳವರು ಕೆಲವರು. ಮಾಲಿಕರ ಮೋಟಾರನ್ನು ಓಡಿಸುವವರು ಇನ್ನು ಕೆಲವರು. ರಜೆಯಲ್ಲಿ ಊರಿಗೆ ಹೋದಾಗ ತೋಟದ ಜೀಪಿನಲ್ಲಿ ಮೂಟೆಗಳ ನಡುವೆ ಕೂತು ಗುಡ್ಡ ಹತ್ತುವವರಂತೂ ಬಹಳ ಮಂದಿ. ತಾನೇ ಗೇರು ಬದಲಿಸುವ ಯಂತ್ರವೂ, ನಾಲ್ಕು ಚಕ್ರಗಳಿಗೂ ಬಲವನ್ನು ಹಂಚುವ ಯಂತ್ರವೂ ಒಂದೇ ಗಾಡಿಯಲ್ಲಿ ಕೂಡಿದಾಗ, ಇನ್ನು ಮನುಷ್ಯನು ಮಾಡಬೇಕಾದುದೇನೂ ಉಳಿದಿಲ್ಲವೆಂಬ ಭಾವನೆ ಇವರೆಲ್ಲರಲ್ಲಿಯೂ ಬಲವಾಗಿದೆ. ಕಳೆದ ಮಳೆಗಾಲದವರೆಗೆ ನಾವೂ ಹಾಗೆಯೇ ನಂಬಿದ್ದೆವು.

ಫರೀದಾಬಾದಿನ ಕಾರ್ಖಾನೆಗಳ ನಡುವೆ ಕುಂದಾಪುರದ ಕಡೆಯ ಮಿತ್ರರೊಬ್ಬರು ಕ್ಯಾಂಟೀನು ನಡೆಸುತ್ತಾರೆ. ಅರಾವಳಿಯ ತಪ್ಪಲಿನಲ್ಲಿ ನಡೆಯುತ್ತಿದ್ದ ಕಟ್ಟಡದ ಕೆಲಸವೊಂದಕ್ಕೆ ಮಧ್ಯಾಹ್ನದ ಊಟವನ್ನು ಒದಗಿಸುವ ಗುತ್ತಿಗೆ ಅವರಿಗೆ ಸಿಕ್ಕಿತ್ತು. ಆ ಕಡೆ ಹಿಂದೆ ಕಲ್ಲುಗಣಿಗಳಿದ್ದುವು. 2009ರಲ್ಲಿ ಸುಪ್ರೀಂ ಕೋರ್ಟು ಫರೀದಾಬಾದ್, ಗುಡಗಾಂವ್, ಮೇವಾತ್ ಜಿಲ್ಲೆಗಳ ಅರಾವಳಿಯಲ್ಲಿ ಗಣಿಗಾರಿಕೆಯನ್ನು ತಡೆದ ಮೇಲೆ ಹೊಂಡಗಳಲ್ಲಿ ನೀರು ನಿಂತಿದೆ, ದಾರಿಗಳು ಹಾಳುಬಿದ್ದಿವೆ. ಮಳೆ ಬಂದರೆ ಕೆಂಪು ಕೆಸರು. ಬಿಸಿಲು ಬಂದರೆ ಉರುಟು ಕಲ್ಲು. ಸಾಂಬಾರಿನ ಪಾತ್ರೆಯನ್ನು ಹೊತ್ತ ಸಣ್ಣ ವ್ಯಾನು ಎರಡು ಸಲ ಹೂತುಹೋದ ಮೇಲೆ ಮಿತ್ರರು ನಾಲ್ಕು ಚಕ್ರಗಳಿಗೂ ಬಲವುಳ್ಳ, ತಾನೇ ಗೇರು ಬದಲಿಸುವ ಹಳೆಯ ಗಾಡಿಯೊಂದನ್ನು ಕೊಂಡರು. ಒಂದು ಭಾನುವಾರ ನಾವೂ ಅವರ ಜೊತೆಯಲ್ಲಿ ಹೊರಟೆವು.

ಹತ್ತುವಾಗ ಗಾಡಿಯ ನಡತೆ ಮೆಚ್ಚುವಂತಿತ್ತು. ಕೆಸರಿನಲ್ಲಿ ಎಲ್ಲಿಯೂ ನಿಲ್ಲಲಿಲ್ಲ, ಎಂಜಿನು ಒಮ್ಮೆಯೂ ಆರಲಿಲ್ಲ, ಪಾತ್ರೆಯ ಮುಚ್ಚಳ ಅಲುಗಲಿಲ್ಲ. ಮೇಲೆ ತಲಪಿದೊಡನೆ ಮಿತ್ರರು ಗಾಡಿಯನ್ನು ನಿಲ್ಲಿಸಿ, ಕೆಳಗಣ ಚಿಕ್ಕ ಲಿವರನ್ನು ನಿಧಾನದ ಸ್ಥಾನದಿಂದ ಹಿಂದಕ್ಕೆಳೆದರು. ಅದು ಅರ್ಧದಲ್ಲಿ ನಿಂತುದನ್ನು ಅವರು ಗಮನಿಸಲಿಲ್ಲ. ದೊಡ್ಡ ಲಿವರನ್ನು 'ಪಿ' ಅಕ್ಷರಕ್ಕೆ ತಂದು, ಎಂಜಿನನ್ನು ಆರಿಸಿ ಇಳಿದರು. ಹಿಂದಿನ ಚಕ್ರವು ಮಣ್ಣಿನ ಸಣ್ಣ ದಿಬ್ಬವೊಂದಕ್ಕೆ ಒರಗಿದ್ದುದರಿಂದ ಗಾಡಿ ನಿಂತಂತೆಯೇ ತೋರಿತು. ಹುಡುಗನೊಬ್ಬ ಹಿಂದುಗಡೆ ನಿಂತು ಸಾಂಬಾರಿನ ಪಾತ್ರೆಯನ್ನು ಇಳಿಸಿ ನೆಲದ ಮೇಲಿಟ್ಟು, ಕೈ ತೊಳೆಯಲೆಂದು ನಲ್ಲಿಯ ಕಡೆಗೆ ಹೋದ. ಇನ್ನೊಬ್ಬನು ಬದಿಯ ಬಾಗಿಲಿನಿಂದ ಅನ್ನದ ಡಬ್ಬವನ್ನು ಎಳೆದ. ಆ ಅಲುಗಾಟಕ್ಕೆ ಚಕ್ರವು ದಿಬ್ಬವನ್ನು ದಾಟಿತು. ಗಾಡಿಯು ಸದ್ದಿಲ್ಲದೆ ಹಿಂದಕ್ಕೆ ಉರುಳಿ, ಪಾತ್ರೆಯನ್ನು ಮಗುಚಿ, ಇಪ್ಪತ್ತಡಿ ಕೆಳಗಿದ್ದ ಕೀಕರ್ ಮರಕ್ಕೆ ತಗುಲಿ ನಿಂತಿತು. ಹುಡುಗನು ನಲ್ಲಿಯ ಬಳಿಗೆ ಹೋಗಿ ಒಂದು ನಿಮಿಷವೂ ಆಗಿರಲಿಲ್ಲ.

ಅಂದು ಕೂಲಿಯವರು ಮಜ್ಜಿಗೆಯಲ್ಲಿ ಅನ್ನವನ್ನುಂಡರು. ಮಿತ್ರರು ಮಾತ್ರ "ಪಿಗೆ ಹಾಕಿದ್ದೆನಲ್ಲ, ಪಿಗೆ ಹಾಕಿದ್ದೆನಲ್ಲ" ಎಂದು ಸಂಜೆಯವರೆಗೂ ಹೇಳುತ್ತಿದ್ದರು. ಅವರು ಹೇಳಿದುದು ನಿಜ. ಲಿವರು ಪಿಯಲ್ಲಿಯೇ ಇತ್ತು, ಯಂತ್ರದಲ್ಲಿ ದೋಷವೇನೂ ಇರಲಿಲ್ಲ. ಹಾಗಿದ್ದೂ ಗಾಡಿ ಏಕೆ ಉರುಳಿತೆಂಬುದನ್ನು ತಿಳಿಯಬೇಕಾದರೆ ಗಾಡಿಯ ಹೊಟ್ಟೆಯೊಳಗೆ ಬಲವು ಯಾವ ದಾರಿಯಲ್ಲಿ ನಡೆಯುತ್ತದೆಂಬುದನ್ನು ಮೊದಲು ನೋಡಬೇಕು.

ಎಂಜಿನಿನಿಂದ ಹೊರಟ ಬಲವು ಮೊದಲು ಗೇರಿನ ಪೆಟ್ಟಿಗೆಗೆ ಬರುತ್ತದೆ. ಎಷ್ಟು ವೇಗ, ಎಷ್ಟು ಬಲ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಅಲ್ಲಿಂದ ಮುಂದೆ, ಜೀಪಿನಂತಹ ಗಾಡಿಗಳಲ್ಲಿ, ಇನ್ನೊಂದು ಪೆಟ್ಟಿಗೆಯುಂಟು. ಇದನ್ನು ಟ್ರಾನ್ಸ್‌ಫರ್ ಕೇಸ್ ಎನ್ನುತ್ತಾರೆ. ನಾವು ಹಂಚಿಕೆಯ ಪೆಟ್ಟಿಗೆ ಎಂದು ಕರೆಯೋಣ. ಬಲವು ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಹೋಗಬೇಕೇ, ಮುಂದಿನವಕ್ಕೂ ಹೋಗಬೇಕೇ ಎಂಬುದು ಇಲ್ಲಿಯ ತೀರ್ಮಾನ. ಚಿಕ್ಕ ಲಿವರು ಇದರದು. ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಸ್ಥಾನಗಳು: ಎರಡು ಚಕ್ರ, ನಾಲ್ಕು ಚಕ್ರ, ಯಾವುದಕ್ಕೂ ಬಲವಿಲ್ಲದ ನಡುವಣ ಸ್ಥಾನ, ಕೊನೆಯಲ್ಲಿ ನಾಲ್ಕು ಚಕ್ರಗಳ ನಿಧಾನಗತಿ. ಈ ನಿಧಾನಗತಿಯಲ್ಲಿ ಹಂಚಿಕೆಯ ಪೆಟ್ಟಿಗೆಯು ವೇಗವನ್ನು ಇಳಿಸಿ ಬಲವನ್ನು ಹೆಚ್ಚಿಸುತ್ತದೆ. ಮಾರುತಿಯ ಜಿಮ್ನಿಯಲ್ಲಿ ಸುಮಾರು ಎರಡು ಪಟ್ಟು, ಮಹೀಂದ್ರದ ಥಾರ್‌ನಲ್ಲಿ ಸುಮಾರು ಎರಡೂವರೆ ಪಟ್ಟು.

'ಪಿ' ಸ್ಥಾನದಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವುದು ಬ್ರೇಕಲ್ಲ. ಗೇರಿನ ಪೆಟ್ಟಿಗೆಯಿಂದ ಹೊರಬರುವ ದಂಡದ ಮೇಲೆ ಹಲ್ಲುಳ್ಳ ಒಂದು ಚಕ್ರವಿರುತ್ತದೆ. ಆ ಹಲ್ಲುಗಳ ನಡುವೆ ಹೆಬ್ಬೆರಳಿನ ಗಾತ್ರದ ಉಕ್ಕಿನ ಕೊಕ್ಕೆಯೊಂದು ಬಂದು ಕೂರುತ್ತದೆ, ಅಷ್ಟೆ. ಆ ಕೊಕ್ಕೆ ಇರುವುದು ಮೊದಲನೆಯ ಪೆಟ್ಟಿಗೆಯಲ್ಲಿ. ಚಕ್ರಗಳಿರುವುದು ಎರಡನೆಯ ಪೆಟ್ಟಿಗೆಯ ಆಚೆಗೆ. ಎರಡನೆಯ ಪೆಟ್ಟಿಗೆಯು ನಡುವಣ ಸ್ಥಾನದಲ್ಲಿ ನಿಂತಿತೆಂದರೆ ಕೊಕ್ಕೆಗೂ ಚಕ್ರಕ್ಕೂ ಸಂಬಂಧವೇ ಇಲ್ಲ. ಎತ್ತನ್ನು ಗೂಟಕ್ಕೆ ಕಟ್ಟಿ, ಗಾಡಿಯ ನೊಗವನ್ನು ಮಾತ್ರ ಬಿಚ್ಚಿಟ್ಟಂತೆ: ಎತ್ತು ಅಲ್ಲಿಯೇ ನಿಂತಿರುತ್ತದೆ, ಗಾಡಿ ಇಳಿಜಾರಿನಲ್ಲಿ ಹೋಗುತ್ತದೆ. ನಮ್ಮ ಮಿತ್ರರ ಗಾಡಿಗೆ ಆದುದು ಇದೇ. ಕ್ಲಚ್ಚುಳ್ಳ ಗಾಡಿಯನ್ನು ಗೇರಿನಲ್ಲಿಟ್ಟು ನಿಲ್ಲಿಸುವವರಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ. ಆದರೆ ಅವರಿಗೆ ಕೈಬ್ರೇಕನ್ನು ಎಳೆಯುವ ಹಳೆಯ ಅಭ್ಯಾಸ ಇರುತ್ತದೆ. ಪಿ ಎಂಬ ಅಕ್ಷರವು ಆ ಅಭ್ಯಾಸವನ್ನು ಬಿಡಿಸಿಬಿಡುತ್ತದೆ.

ಇದಕ್ಕೆ ಸೇರಿದ ಇನ್ನೊಂದು ಅಪಾಯವುಂಟು. ಟೈರು ಪಂಕ್ಚರಾದಾಗ ಅದು ಎದುರಾಗುತ್ತದೆ. ಗಾಡಿಯು ಎರಡು ಚಕ್ರದ ಸ್ಥಾನದಲ್ಲಿದ್ದರೆ ಪಿಯ ಕೊಕ್ಕೆಯು ಹಿಂದಿನ ಅಚ್ಚನ್ನು ಮಾತ್ರ ಹಿಡಿದಿರುತ್ತದೆ. ಅಲ್ಲಿಯೂ ಎಡ ಬಲ ಚಕ್ರಗಳ ನಡುವೆ ಡಿಫರೆನ್ಷಿಯಲ್ ಎಂಬ ಗೇರುಗಳ ಕೂಟವಿದ್ದು, ಒಂದು ಚಕ್ರವು ಒಂದು ಕಡೆಗೆ ತಿರುಗಿದರೆ ಇನ್ನೊಂದು ಅದರ ವಿರುದ್ಧ ದಿಕ್ಕಿಗೆ ತಿರುಗಲು ಅದು ಎಡೆಗೊಡುತ್ತದೆ. ಜಾಕಿಯಿಂದ ಒಂದು ಹಿಂಚಕ್ರವನ್ನು ಎತ್ತಿದೊಡನೆ, ಎತ್ತಿದ ಚಕ್ರವು ಗಾಳಿಯಲ್ಲಿ ಹಿಮ್ಮುಖ ತಿರುಗುತ್ತಾ, ನೆಲದ ಮೇಲಿರುವ ಚಕ್ರವು ಉರುಳಿ ಗಾಡಿಯು ಜಾಕಿಯಿಂದ ಕೆಳಗೆ ಬೀಳಬಹುದು. ನಾಲ್ಕು ಚಕ್ರದ ಸ್ಥಾನದಲ್ಲಿಟ್ಟು ಪಿಗೆ ಹಾಕಿದರೆ ಮುಂದಿನ ಅಚ್ಚೂ ಆ ಕೊಕ್ಕೆಗೆ ಕಟ್ಟುಬೀಳುತ್ತದೆ. ಹಿಡಿತವು ಎಷ್ಟೋ ಹೆಚ್ಚು. ಆದರೂ ಕೈಬ್ರೇಕನ್ನೆಳೆದು, ಚಕ್ರಕ್ಕೆ ಕಲ್ಲು ಕೊಡದೆ ಜಾಕಿಯನ್ನು ಮುಟ್ಟಬಾರದು.

ಇನ್ನು ಗೇರು ತಾನೇ ಬದಲಾಗುವುದು ಹೇಗೆಂಬುದನ್ನು ನೋಡೋಣ. ಎಂಜಿನಿಗೂ ಗೇರುಗಳಿಗೂ ನಡುವೆ ಕ್ಲಚ್ಚಿನ ಬದಲು ಎಣ್ಣೆ ತುಂಬಿದ ಗುಂಡನೆಯ ಡಬ್ಬವೊಂದಿದೆ; ಟಾರ್ಕ್ ಕನ್ವರ್ಟರ್ ಎಂದು ಅದರ ಹೆಸರು. ಹೋಟೆಲಿನ ಹಾಲಿನಲ್ಲಿ ಎರಡು ಮೇಜುಪಂಖಗಳನ್ನು ಎದುರುಬದುರಾಗಿಟ್ಟು ಒಂದನ್ನು ಮಾತ್ರ ಓಡಿಸಿದರೆ, ಅದರ ಗಾಳಿಗೆ ಇನ್ನೊಂದು ತಾನಾಗಿಯೇ ತಿರುಗತೊಡಗುವುದನ್ನು ನೋಡಿದವರಿದ್ದಾರೆ. ಡಬ್ಬದೊಳಗೆ ಗಾಳಿಯ ಬದಲು ಎಣ್ಣೆ. ಎಂಜಿನಿಗೆ ಸೇರಿದ ಪಂಖವು ಎಣ್ಣೆಯನ್ನು ಎರಚುತ್ತದೆ, ಗೇರಿಗೆ ಸೇರಿದ ಪಂಖವು ಅದರ ಹೊಡೆತಕ್ಕೆ ತಿರುಗುತ್ತದೆ. ನಡುವೆ ಮೂರನೆಯದೊಂದು ಹಿಂತಿರುಗುವ ಎಣ್ಣೆಯ ದಿಕ್ಕನ್ನು ತಿದ್ದಿ ಮೊದಲನೆಯದಕ್ಕೆ ನೆರವಾಗುವಂತೆ ಮಾಡುತ್ತದೆ. ಗಾಡಿಯು ನಿಂತ ಸ್ಥಿತಿಯಿಂದ ಹೊರಡುವಾಗ ಈ ಏರ್ಪಾಡಿನಿಂದ ಎಂಜಿನಿನ ತಿರುಚುಬಲವು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಜರ್ಮನಿಯ ಹರ್ಮನ್ ಫೋಟಿಂಗರ್ 1905ರಲ್ಲಿ ಇದರ ಹಕ್ಕುಪತ್ರವನ್ನು ಪಡೆದುದು ಹಡಗುಗಳಿಗಾಗಿ. ಮೋಟಾರಿಗೆ ಎಣ್ಣೆಯ ಜೋಡಣೆಯೂ ತಾನೇ ಬದಲಾಗುವ ಗೇರುಗಳೂ ಕೂಡಿ ಬಂದುದು 1939ರಲ್ಲಿ, ಅಮೆರಿಕೆಯ ಓಲ್ಡ್ಸ್‌ಮೊಬೀಲ್ ಕಾರಿನ ಹೈಡ್ರಾಮ್ಯಾಟಿಕ್ ಮೂಲಕ. ನಾಲ್ಕು ಚಕ್ರಗಳಿಗೆ ಬಲ ಕೊಡುವ ಪೆಟ್ರೋಲು ಗಾಡಿಯನ್ನು ಹಾಲೆಂಡಿನ ಸ್ಪೈಕರ್ ಸಹೋದರರು 1903ರಲ್ಲಿಯೇ ಮಾಡಿದ್ದರು. ಎರಡೂ ಒಂದೇ ಸಂಸಾರಿಗರ ಗಾಡಿಯಲ್ಲಿ ಜೊತೆಗೂಡಿದುದು ಬಹಳ ತಡವಾಗಿ, 1963ರ ಜೀಪ್ ವ್ಯಾಗೊನೀರ್‌ನಲ್ಲಿ.

ಈ ಎಣ್ಣೆಯ ಡಬ್ಬದ ಗುಣವನ್ನು ಕಣ್ಣಾರೆ ನೋಡಬೇಕೆನ್ನುವವರು ಫರೀದಾಬಾದ್ ಜಿಲ್ಲೆಯ ಬಲ್ಲಭಗಢಕ್ಕಿಂತ ದೂರ ಹೋಗಬೇಕಾಗಿಲ್ಲ. 1979ರಲ್ಲಿ ಎಸ್ಕಾರ್ಟ್ಸ್ ಸಂಸ್ಥೆಯು ಇಂಗ್ಲೆಂಡಿನ ಜೇಸೀಬಿಯವರ ಜೊತೆ ಕೂಡಿ ಆರಂಭಿಸಿದ ಕಾರ್ಖಾನೆ ಅಲ್ಲಿದೆ. 2003ರಿಂದ ಅದು ಪೂರ್ತಿ ಜೇಸೀಬಿಯವರದೇ. ನಮ್ಮ ಹಳ್ಳಿಗಳಲ್ಲಿ ಮಣ್ಣು ಅಗೆಯುವ ಹಳದಿ ಯಂತ್ರಕ್ಕೆ ಜೇಸೀಬಿ ಎಂಬುದಲ್ಲದೆ ಬೇರೆ ಹೆಸರೇ ಇಲ್ಲ. ಅದು ಕೆಲಸ ಮಾಡುವಲ್ಲಿ ಜನರು ಗುಂಪುಗೂಡಿ ನೋಡುವುದೂ ಸುಳ್ಳಲ್ಲ. ನಾವೂ ನಿಂತು ನೋಡಿದ್ದೇವೆ. ಆ ಯಂತ್ರವು ಮುಂದಿನ ಬಾನಿಯನ್ನು ಮಣ್ಣಿನ ರಾಶಿಗೆ ಒತ್ತಿ ಹಿಡಿದಾಗ ಚಕ್ರಗಳು ನಿಂತೇ ಇರುತ್ತವೆ, ಎಂಜಿನು ಮಾತ್ರ ಗರ್ಜಿಸುತ್ತಿರುತ್ತದೆ, ಆದರೂ ಆರುವುದಿಲ್ಲ. ಕ್ಲಚ್ಚಿನ ಗಾಡಿಯಲ್ಲಿ ಹೀಗೆ ಮಾಡಿದರೆ ಒಂದೇ ದಿನದಲ್ಲಿ ಕ್ಲಚ್ಚು ಸುಟ್ಟುಹೋದೀತು. ಎಣ್ಣೆಯು ಜಾರುತ್ತಾ ಒತ್ತುತ್ತಿರುತ್ತದೆ. ಮುಂದೆ ಹಿಂದೆ ಹೋಗುವುದಕ್ಕೆ ಅಲ್ಲಿ ಕ್ಲಚ್ಚಿನ ಪೆಡಲನ್ನು ತುಳಿಯಬೇಕಾಗಿಲ್ಲ. ನಾಲ್ಕು ಗೇರುಗಳನ್ನು ಬದಲಿಸುವುದು ಮಾತ್ರ ಚಾಲಕನ ಕೈಯಲ್ಲಿಯೇ ಉಳಿದಿದೆ. ಮಣ್ಣಿನ ಕೆಲಸದಲ್ಲಿ ಯಾವ ಗೇರು ಬೇಕೆಂಬುದು ಯಂತ್ರಕ್ಕಿಂತ ಮನುಷ್ಯನಿಗೇ ಚೆನ್ನಾಗಿ ತಿಳಿದೀತು.

ಇದೇ ನಮ್ಮ ವಿಷಯದ ಮರ್ಮ. ತಾನೇ ಬದಲಾಗುವ ಗೇರಿನ ಪೆಟ್ಟಿಗೆಯು ಗೋಡೆಯಾಚೆ ನಿಂತ ಅಡುಗೆಯವನಂತೆ. ಹಾಲಿನಲ್ಲಿ ಎಷ್ಟು ಮಂದಿ ಕೂತಿದ್ದಾರೆಂಬುದು ಅವನಿಗೆ ಕಾಣದು. ಸಪ್ಲಾಯರನು ಎಷ್ಟು ಜೋರಾಗಿ ಕೂಗುತ್ತಾನೆ, ತಟ್ಟೆಗಳು ಎಷ್ಟು ಬೇಗ ಹಿಂತಿರುಗುತ್ತವೆ ಎಂಬ ಎರಡು ಗುರುತುಗಳಿಂದ ಅವನು ದೋಸೆ ಹೊಯ್ಯುವ ಲೆಕ್ಕ ಹಾಕುತ್ತಾನೆ. ಹಾಗೆಯೇ ಗೇರಿನ ಪೆಟ್ಟಿಗೆಗೆ ಮುಖ್ಯವಾಗಿ ತಿಳಿಯುವುದು ಎರಡೇ: ಆಕ್ಸಿಲರೇಟರನ್ನು ಎಷ್ಟು ಒತ್ತಲಾಗಿದೆ, ತನ್ನಿಂದ ಹೊರಟ ದಂಡವು ಎಷ್ಟು ವೇಗವಾಗಿ ತಿರುಗುತ್ತಿದೆ. ಈಚಿನ ಗಾಡಿಗಳಲ್ಲಿ ಕಂಪ್ಯೂಟರು ಇನ್ನೂ ಕೆಲವು ಗುರುತುಗಳನ್ನು ನೋಡುತ್ತದೆ, ನಿಜ. ಮುಂದಿನ ತಿರುವಿನಲ್ಲಿ ಕೆಸರಿದೆಯೆಂಬುದು ಅದಕ್ಕೂ ಕಾಣದು.

ನಿಧಾನಗತಿಯ ಸ್ಥಾನದಲ್ಲಿ ಈ ಕುರುಡುತನವು ವಿಚಿತ್ರವಾಗಿ ಪ್ರಕಟವಾಗುತ್ತದೆ. ಹಂಚಿಕೆಯ ಪೆಟ್ಟಿಗೆಯು ವೇಗವನ್ನು ಅರ್ಧಕ್ಕಿಳಿಸುವುದು ಗೇರಿನ ಪೆಟ್ಟಿಗೆಯ ನಂತರ. ಗಾಡಿಯು ಗಂಟೆಗೆ 10 ಕಿಲೋಮೀಟರು ಹೋಗುವಾಗ ಗೇರಿನ ದಂಡವು 20 ಕಿಲೋಮೀಟರಿನ ವೇಗದಲ್ಲಿ ತಿರುಗುತ್ತಿರುತ್ತದೆ. ಆದುದರಿಂದ ಎಣ್ಣೆಯ ಒತ್ತಡದಿಂದಲೇ ಲೆಕ್ಕ ಹಾಕುತ್ತಿದ್ದ ಹಳೆಯ ಪೆಟ್ಟಿಗೆಗಳು, ಮನುಷ್ಯ ನಡೆಯುವ ವೇಗದಲ್ಲಿಯೇ ಎರಡನೆಯ ಗೇರಿಗೆ, ಅನಂತರ ಮೂರನೆಯದಕ್ಕೆ ಹಾರುತ್ತಿದ್ದುವು. ಹೊಸವುಗಳಲ್ಲಿ ಹಂಚಿಕೆಯ ಪೆಟ್ಟಿಗೆಯಲ್ಲಿರುವ ಸ್ವಿಚ್ಚು ಕಂಪ್ಯೂಟರಿಗೆ ಸುದ್ದಿ ಕೊಡುತ್ತದೆ, ಅದು ತನ್ನ ಲೆಕ್ಕವನ್ನು ಬದಲಿಸಿಕೊಳ್ಳುತ್ತದೆ. ಆದರೂ ಏರಿನ ನಡುವೆ ಕಲ್ಲೊಂದನ್ನು ದಾಟಲು ಕಾಲನ್ನು ಸ್ವಲ್ಪ ಸಡಿಲಿಸಿದೊಡನೆ, ಒತ್ತಾಯ ಕಡಿಮೆಯಾಯಿತೆಂದು ಬಗೆದು ಅದು ಮೇಲಿನ ಗೇರಿಗೆ ಹೋಗುವುದುಂಟು. ಮರುಕ್ಷಣ ಬಲ ಸಾಲದೆ ಕೆಳಗಿನದಕ್ಕೆ ಇಳಿಯುತ್ತದೆ. ಮರಳಿನಲ್ಲಿಯೂ ಕೆಸರಿನಲ್ಲಿಯೂ ಈ ಏರಿಳಿತದ ಅರ್ಧ ಕ್ಷಣದಲ್ಲಿಯೇ ಗಾಡಿಯ ಓಟ ಮುರಿದು ಚಕ್ರವು ಹೂತುಹೋಗುತ್ತದೆ. ಅಂತಹ ಕಡೆ 'ಡಿ' ಅಕ್ಷರವನ್ನು ನಂಬಬಾರದು. 'ಎಲ್' ಅಥವಾ '2' ಎಂಬ ಸ್ಥಾನದಲ್ಲಿ, ಇಲ್ಲವೇ ಕೈಯಿಂದ ಗೇರನ್ನು ಆರಿಸುವ ಏರ್ಪಾಡಿದ್ದರೆ ಅದರಲ್ಲಿ, ಒಂದೇ ಗೇರನ್ನು ಹಿಡಿದಿಟ್ಟು ಹತ್ತುವುದು ಲೇಸು.

ಹಾಗೆಂದ ಮಾತ್ರಕ್ಕೆ ತಾನೇ ಬದಲಾಗುವ ಗೇರು ಗುಡ್ಡಕ್ಕೆ ಸಲ್ಲದೆಂದು ಯಾರೂ ತಿಳಿಯಬಾರದು. ನಮ್ಮ ಅಭಿಪ್ರಾಯದಲ್ಲಿ ಹತ್ತುವುದರಲ್ಲಿ ಅದು ಕ್ಲಚ್ಚಿನ ಗಾಡಿಗಿಂತ ಮೇಲು. ಮಡಿಕೇರಿಯಿಂದ ಮಾಂದಲಪಟ್ಟಿಗೆ ಹೋಗುವ ಬಾಡಿಗೆ ಜೀಪುಗಳಲ್ಲಿ ಕೂತವರಿಗೆ ಗೊತ್ತು: ಕಡಿದಾದ ತಿರುವಿನಲ್ಲಿ ಚಾಲಕನು ಕ್ಲಚ್ಚು, ಬ್ರೇಕು, ಆಕ್ಸಿಲರೇಟರು ಮೂರನ್ನೂ ಎರಡು ಕಾಲುಗಳಲ್ಲಿ ಆಡಿಸುವುದು ಹಾರ್ಮೋನಿಯಂ ನುಡಿಸಿದಷ್ಟು ಕಷ್ಟ. ಆ ಕಲೆ ಬರುವುದಕ್ಕೆ ಹತ್ತು ವರ್ಷ ಬೇಕು. ಎಣ್ಣೆಯ ಡಬ್ಬವುಳ್ಳ ಗಾಡಿಯಲ್ಲಿ ಬಲವು ಕಡಿಯದೆ ಹರಿಯುತ್ತಿರುತ್ತದೆ. ಬ್ರೇಕನ್ನು ಬಿಟ್ಟರೆ ತಾನಾಗಿಯೇ ತೆವಳುತ್ತದೆ. ನಿಧಾನಗತಿಯಲ್ಲಿ ಆ ತೆವಳುವಿಕೆಯೇ ಸಣ್ಣ ಕಲ್ಲನ್ನು ಹತ್ತಿಸಬಲ್ಲದು. ದೊಡ್ಡ ಕಲ್ಲನ್ನು ದಾಟುವಾಗ ಬಲಗಾಲಿನಿಂದ ಆಕ್ಸಿಲರೇಟರನ್ನು ಒತ್ತುತ್ತಾ ಎಡಗಾಲಿನಿಂದ ಬ್ರೇಕನ್ನು ಮೃದುವಾಗಿ ಹಿಡಿದರೆ ಗಾಡಿಯು ಧುಮುಕದೆ ಇಳಿಯುತ್ತದೆ. ಇದನ್ನು ಮೊದಲು ಬಯಲಿನಲ್ಲಿ ಅಭ್ಯಾಸ ಮಾಡಬೇಕು. ಕ್ಲಚ್ಚು ತುಳಿದು ರೂಢಿಯಾದ ಎಡಗಾಲು ಬ್ರೇಕನ್ನೂ ಕ್ಲಚ್ಚೆಂದೇ ತಿಳಿದು ತುಳಿಯುತ್ತದೆ, ಮುಂದೆ ಕೂತವರ ಹಣೆ ಗಾಜಿಗೆ ಬಡಿಯುತ್ತದೆ.

ಕಷ್ಟವಿರುವುದು ಇಳಿಯುವುದರಲ್ಲಿ. ಕ್ಲಚ್ಚಿನ ಗಾಡಿಯನ್ನು ಮೊದಲನೆಯ ಗೇರಿನಲ್ಲಿಟ್ಟರೆ ಎಂಜಿನೇ ಚಕ್ರಗಳನ್ನು ಹಿಡಿದಿಡುತ್ತದೆ. ಎಣ್ಣೆಯ ಜೋಡಣೆಯಲ್ಲಿ ಆ ಹಿಡಿತವು ಸಡಿಲ. ಅಲ್ಲದೆ ಹಲವು ಪೆಟ್ಟಿಗೆಗಳಲ್ಲಿ 'ಡಿ' ಸ್ಥಾನದ ಮೊದಲನೆಯ ಗೇರು ಒಂದೇ ದಿಕ್ಕಿಗೆ ಹಿಡಿಯುವ, ಸೈಕಲಿನ ಹಿಂಚಕ್ರದ ಫ್ರೀವೀಲಿನಂತಹ ಏರ್ಪಾಡಿನ ಮೂಲಕ ಕೆಲಸ ಮಾಡುತ್ತದೆ. ಎಂಜಿನು ಚಕ್ರವನ್ನು ತಳ್ಳಬಲ್ಲದು, ಚಕ್ರವು ಎಂಜಿನನ್ನು ತಿರುಗಿಸಲಾರದು. ಇಳಿಜಾರಿನಲ್ಲಿ ಸೈಕಲ್ಲು ಪೆಡಲು ನಿಂತರೂ ಓಡುವಂತೆ ಗಾಡಿ ಓಡುತ್ತದೆ. 'ಎಲ್' ಸ್ಥಾನಕ್ಕೆ ತಂದರೆ ಒಳಗೆ ಇನ್ನೊಂದು ಹಿಡಿತವು ಸೇರಿಕೊಂಡು ಎಂಜಿನಿನ ತಡೆ ದೊರೆಯುತ್ತದೆ. ಆದುದರಿಂದ ಇಳಿಯುವುದಕ್ಕೆ ಮೊದಲೇ, ಗಾಡಿ ನಿಂತಿರುವಾಗಲೇ, ನಾಲ್ಕು ಚಕ್ರದ ನಿಧಾನಗತಿಯನ್ನೂ 'ಎಲ್' ಸ್ಥಾನವನ್ನೂ ಆರಿಸಿಕೊಳ್ಳಬೇಕು. ಅರ್ಧ ಇಳಿದ ಮೇಲೆ ಚಿಕ್ಕ ಲಿವರನ್ನು ಮುಟ್ಟಿದರೆ ಅದು ನಡುವಣ ಸ್ಥಾನವನ್ನು ದಾಟಲೇಬೇಕು. ದಾಟುವಾಗ ಎಂಜಿನಿನ ತಡೆ ಪೂರ್ತಿ ಇಲ್ಲವಾಗುತ್ತದೆ. ಈಚಿನ ಗಾಡಿಗಳಲ್ಲಿ ಇಳಿಜಾರಿನ ವೇಗವನ್ನು ಬ್ರೇಕುಗಳಿಂದಲೇ ತಡೆಯುವ ಗುಂಡಿಯೊಂದನ್ನು ಕೊಟ್ಟಿರುತ್ತಾರೆ. ಅದು ಒಳ್ಳೆಯ ಸಾಧನವೇ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕು ಕಾಯುತ್ತದೆಂಬುದನ್ನು ಮಾತ್ರ ಮರೆಯಬಾರದು.

ಚಿಕ್ಕ ಲಿವರನ್ನು ಬದಲಿಸುವ ಕ್ರಮದಲ್ಲಿಯೂ ಒಂದು ಸೂಕ್ಷ್ಮವಿದೆ. ಎರಡು ಚಕ್ರದಿಂದ ನಾಲ್ಕು ಚಕ್ರಕ್ಕೆ ಹಲವು ಗಾಡಿಗಳಲ್ಲಿ ಓಡುತ್ತಿರುವಾಗಲೇ, ಸ್ಟಿಯರಿಂಗನ್ನು ನೇರವಾಗಿ ಹಿಡಿದು ಬದಲಿಸಬಹುದು. ನಿಧಾನಗತಿಗೆ ಹೋಗುವುದಕ್ಕೆ, ಅಲ್ಲಿಂದ ಹೊರಬರುವುದಕ್ಕೆ ಮಾತ್ರ ಗಾಡಿಯನ್ನು ಪೂರ್ತಿ ನಿಲ್ಲಿಸಿ, ಕಾಲನ್ನು ಬ್ರೇಕಿನ ಮೇಲಿಟ್ಟು, ದೊಡ್ಡ ಲಿವರನ್ನು 'ಎನ್' ಸ್ಥಾನಕ್ಕೆ ತರಬೇಕು. ಡಿಯಲ್ಲಿದ್ದರೆ ಎಣ್ಣೆಯ ಎಳೆತದಿಂದ ಒಳಗಿನ ದಂಡದ ಮೇಲೆ ಒತ್ತಡವಿದ್ದು ಹಲ್ಲುಗಳು ಕರಕರನೆ ಕಚ್ಚುತ್ತವೆ. ಪಿಯಲ್ಲಿದ್ದರೆ ದಂಡವು ಕಟ್ಟುಬಿದ್ದು, ಹಲ್ಲಿಗೆ ಹಲ್ಲು ಎದುರಾದಾಗ ಸರಿದುಕೊಳ್ಳಲು ಎಡೆಯಿರುವುದಿಲ್ಲ, ಲಿವರು ಅರ್ಧದಲ್ಲಿ ನಿಲ್ಲುತ್ತದೆ. ಎನ್‌ನಲ್ಲಿದ್ದಾಗಲೂ ಒಮ್ಮೊಮ್ಮೆ ಹೀಗಾಗುವುದುಂಟು. ಆಗ ಬಲವನ್ನು ಉಪಯೋಗಿಸದೆ, ಬ್ರೇಕನ್ನು ಬಿಡದೆ, ದೊಡ್ಡ ಲಿವರನ್ನು ಒಂದು ಕ್ಷಣ ಡಿಗೆ ತಂದು ಮತ್ತೆ ಎನ್‌ಗೆ ತಂದು ಪ್ರಯತ್ನಿಸಬೇಕು. ಲಿವರು ತನ್ನ ಗುಂಡಿಯಲ್ಲಿ ಕೂತಿತೆಂಬುದನ್ನು ಕೈಯಿಂದಲೂ, ಮುಂದಿನ ದೀಪದಿಂದಲೂ ಖಚಿತಪಡಿಸಿಕೊಳ್ಳದೆ ಬ್ರೇಕಿನಿಂದ ಕಾಲನ್ನು ತೆಗೆಯಕೂಡದು. ನಮ್ಮ ಮಿತ್ರರು ದೀಪವನ್ನು ನೋಡಲಿಲ್ಲ. ನೋಡುವುದಕ್ಕೆ ಮೊದಲೇ ಎಂಜಿನನ್ನು ಆರಿಸಿದ್ದರು.

ಟಾರು ರಸ್ತೆಗೆ ಬಂದ ಮೇಲೂ ನಾಲ್ಕು ಚಕ್ರದ ಸ್ಥಾನದಲ್ಲಿಯೇ ಓಡಿಸುವವರನ್ನು ಕಂಡಿದ್ದೇವೆ. ಬಲ ಹೆಚ್ಚಿದ್ದರೆ ಒಳ್ಳೆಯದಲ್ಲವೇ ಎನ್ನುತ್ತಾರೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರವನ್ನು ಸುತ್ತಬೇಕು. ಜೀಪಿನ ಜಾತಿಯ ಗಾಡಿಗಳಲ್ಲಿ ಹಂಚಿಕೆಯ ಪೆಟ್ಟಿಗೆಯು ಎರಡು ಅಚ್ಚುಗಳನ್ನೂ ಒಂದೇ ವೇಗಕ್ಕೆ ಬಿಗಿದಿಡುತ್ತದೆ. ಕೆಸರಿನಲ್ಲಾದರೆ ಚಕ್ರವು ಸ್ವಲ್ಪ ಜಾರಿ ಲೆಕ್ಕ ಸರಿಹೋಗುತ್ತದೆ. ಒಣಗಿದ ಟಾರಿನಲ್ಲಿ ಜಾರಲು ಎಡೆಯಿಲ್ಲ. ಒಳಗಿನ ದಂಡಗಳು ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತವೆ. ಟ್ರ್ಯಾಕ್ಟರುಗಳಲ್ಲಿ ಈ ವಿರೋಧ ಇನ್ನೂ ಸ್ಪಷ್ಟ. ಫರೀದಾಬಾದಿನ ಎಸ್ಕಾರ್ಟ್ಸ್ ಕಾರ್ಖಾನೆಯು 2022ರಿಂದ ಎಸ್ಕಾರ್ಟ್ಸ್ ಕುಬೋಟ ಎಂಬ ಹೆಸರಿನಲ್ಲಿದೆ. ಅದರ ಬಳಿಯ ಮೆಟ್ರೋ ನಿಲ್ದಾಣಕ್ಕೂ ಎಸ್ಕಾರ್ಟ್ಸ್ ಮುಜೇಸರ್ ಎಂದೇ ಹೆಸರು. ಅಂತಹ ಕಾರ್ಖಾನೆಗಳಲ್ಲಿ ನಾಲ್ಕು ಚಕ್ರದ ಟ್ರ್ಯಾಕ್ಟರನ್ನು ಮಾಡುವಾಗ ಮುಂದಿನ ಚಿಕ್ಕ ಚಕ್ರಗಳು ಹಿಂದಿನವಕ್ಕಿಂತ ನೂರಕ್ಕೆ ಒಂದರಿಂದ ಐದರಷ್ಟು ಹೆಚ್ಚು ವೇಗದಲ್ಲಿ ಸಾಗುವಂತೆ ಬೇಕೆಂದೇ ಗೇರುಗಳನ್ನು ಜೋಡಿಸುತ್ತಾರೆ. ಗದ್ದೆಯಲ್ಲಿ ಅದು ಮೂಗುದಾರ ಹಿಡಿದೆಳೆದಂತೆ ಗಾಡಿಯನ್ನು ಮುಂದಕ್ಕೆಳೆಯುತ್ತದೆ. ರಸ್ತೆಯಲ್ಲಿ ಟೈರನ್ನು ತಿನ್ನುತ್ತದೆ.

ತಾನೇ ಗೇರು ಬದಲಿಸುವ ಗಾಡಿಯಲ್ಲಿ ಈ ತಿರುಚುವಿಕೆಯು ಚಾಲಕನನ್ನು ಮೋಸಗೊಳಿಸುತ್ತದೆ. ಗಾಡಿಯು ತಿರುವಿನಲ್ಲಿ ಬ್ರೇಕು ಹಿಡಿದಂತೆ ತಡೆಯುತ್ತದೆ. ಗೇರಿನ ಪೆಟ್ಟಿಗೆಯು ಹೊರೆ ಹೆಚ್ಚಾಯಿತೆಂದು ಬಗೆದು ಕೆಳಗಿನ ಗೇರನ್ನೇ ಹಿಡಿದು ನಿಲ್ಲುತ್ತದೆ. ಕೊನೆಗೆ ಎಲ್ಲಿಯೋ ಒಂದು ಚಕ್ರ ಜಾರಿ ಧಡ್ಡನೆ ಸದ್ದಾಗುತ್ತದೆ. ಚಾಲಕನು ಗೇರು ಕೆಟ್ಟಿತೆಂದು ತಿಳಿದು ಮೆಕ್ಯಾನಿಕನಲ್ಲಿಗೆ ಓಡುತ್ತಾನೆ. ಅಲ್ಲಿ ಪ್ರಾಮಾಣಿಕರು ಸಿಕ್ಕಿದರೆ ಪುಣ್ಯ. ಲಿವರು ಎರಡು ಚಕ್ರಕ್ಕೆ ಬರಲೊಲ್ಲದೆ ಬಿಗಿದು ಕೂತರೂ ಕಾರಣ ಇದೇ. ಕೆಲವು ಗಜ ನೇರವಾಗಿ ಹಿಂದಕ್ಕೆ ಓಡಿಸಿದರೆ ತಿರುಚು ಬಿಚ್ಚಿಕೊಂಡು ಲಿವರು ತಾನಾಗಿಯೇ ಸಡಿಲವಾಗುತ್ತದೆ. ಎರಡು ಅಚ್ಚುಗಳ ನಡುವೆಯೂ ಡಿಫರೆನ್ಷಿಯಲ್ ಉಳ್ಳ, ಯಾವಾಗಲೂ ನಾಲ್ಕು ಚಕ್ರಗಳಲ್ಲಿ ಓಡುವ ಗಾಡಿಗಳಿಗೆ ಈ ಬಾಧೆಯಿಲ್ಲ. ತನ್ನದು ಯಾವ ಜಾತಿಯದೆಂಬುದನ್ನು ಗಾಡಿಯ ಕೈಪುಸ್ತಕದಲ್ಲಿ ಓದಿಕೊಳ್ಳಬೇಕು.

ಇನ್ನು ಎಣ್ಣೆಯ ವಿಚಾರ. ಫರೀದಾಬಾದಿನಲ್ಲಿ 1972ರಿಂದ ಇಂಡಿಯನ್ ಆಯಿಲ್ ಸಂಸ್ಥೆಯ ಸಂಶೋಧನಾ ಕೇಂದ್ರವಿದ್ದು, ಯಂತ್ರಗಳ ಎಣ್ಣೆಗಳ ಪರೀಕ್ಷೆಯು ಅಲ್ಲಿಯ ಮುಖ್ಯ ಕೆಲಸಗಳಲ್ಲೊಂದು. ಎಣ್ಣೆಗೆಂದೇ ಇಷ್ಟು ದೊಡ್ಡ ಸಂಸ್ಥೆ ಏತಕ್ಕೆಂದು ಕೇಳುವವರು ತಾನೇ ಬದಲಾಗುವ ಗೇರಿನ ಪೆಟ್ಟಿಗೆಯನ್ನು ನೋಡಬೇಕು. ಅಲ್ಲಿ ಬಲವನ್ನು ಒಯ್ಯುವುದೂ, ಗೇರನ್ನು ಬದಲಿಸುವುದೂ, ಹಲ್ಲುಗಳನ್ನು ನಯವಾಗಿಡುವುದೂ, ಶಾಖವನ್ನು ಹೊರಗೆ ಸಾಗಿಸುವುದೂ ಒಂದೇ ಎಣ್ಣೆ. ಹೆದ್ದಾರಿಯಲ್ಲಿ ಸಮವೇಗದಿಂದ ಓಡುವಾಗ ಒಳಗಿನ ಬೀಗವೊಂದು ಎರಡು ಪಂಖಗಳನ್ನೂ ಬಿಗಿದು ಜಾರುವಿಕೆಯನ್ನು ನಿಲ್ಲಿಸುತ್ತದೆ. ಗುಡ್ಡದಲ್ಲಿ ನಿಧಾನವಾಗಿ ಏರುವಾಗ ಆ ಬೀಗ ಬಹುತೇಕ ತೆರೆದೇ ಇರುತ್ತದೆ. ಜಾರಿದ ಬಲವೆಲ್ಲ ಶಾಖವಾಗುತ್ತದೆ. ಗಾಳಿಯ ತಂಪೂ ಇಲ್ಲ. ಹೂತ ಗಾಡಿಯನ್ನು ಎಬ್ಬಿಸಲು ಡಿ, ಹಿಂದೆ, ಡಿ, ಹಿಂದೆ ಎಂದು ಚಕ್ರ ತಿರುಗುತ್ತಿರುವಾಗಲೇ ಲಿವರನ್ನಾಡಿಸುವುದು ಈ ಎಣ್ಣೆಯನ್ನು ಸುಡುವ ಅತಿ ಸುಲಭ ಮಾರ್ಗ. ಪ್ರತಿಸಲವೂ ಚಕ್ರ ನಿಂತ ಮೇಲೆ ಲಿವರನ್ನು ಬದಲಿಸಬೇಕು. ನಾಲ್ಕಾರು ಸಲ ನೋಡಿ ಫಲವಿಲ್ಲದಿದ್ದರೆ ಸನಿಕೆಯನ್ನು ತೆಗೆದುಕೊಳ್ಳಬೇಕು. ಈ ಎಣ್ಣೆ ಹೊಸದಾಗಿದ್ದಾಗ ಸಾಮಾನ್ಯವಾಗಿ ಕೆಂಪು. ಕಂದಾಗಿ, ಸೀದ ವಾಸನೆ ಬಂದರೆ ಕಾದುಹೋಗಿದೆಯೆಂದರ್ಥ. ಹಾಲು ಬೆರೆಸಿದ ರೂಅಫ್ಜಾದಂತೆ ಗುಲಾಬಿ ಬಣ್ಣಕ್ಕೆ ತಿರುಗಿದರೆ ನೀರು ಸೇರಿದೆ. 2023ರ ಜುಲೈಯಲ್ಲಿ ಯಮುನೆಯು ದಿಲ್ಲಿಯಲ್ಲಿ 208.66 ಮೀಟರಿಗೇರಿದಾಗ, ಎತ್ತರದ ಗಾಡಿಯೆಂಬ ಧೈರ್ಯದಿಂದ ನೀರಿಗಿಳಿದವರು ಎಷ್ಟು ಮಂದಿಯೋ. ಗೇರಿನ ಪೆಟ್ಟಿಗೆಗೆ ಉಸಿರಾಡಲು ಸಣ್ಣ ಕೊಳವೆಯಿರುತ್ತದೆ. ಬಿಸಿಯಾದ ಪೆಟ್ಟಿಗೆಯು ತಣ್ಣೀರಿನಲ್ಲಿ ಒಮ್ಮೆಲೆ ಆರಿದಾಗ ಆ ಕೊಳವೆಯ ಬಾಯಿ ನೀರಿನಲ್ಲಿದ್ದರೆ ನೀರನ್ನೇ ಒಳಗೆಳೆದುಕೊಳ್ಳುತ್ತದೆ. ಗುಲಾಬಿ ಎಣ್ಣೆಯಲ್ಲಿ ಒಂದು ಮೈಲಿಯೂ ಓಡಿಸಬಾರದು.

ಗಾಡಿ ಕೆಟ್ಟು ನಿಂತಾಗ ಹಗ್ಗ ಕಟ್ಟಿ ಎಳೆಸುವ ನಮ್ಮ ಹಳೆಯ ಪದ್ಧತಿಯೂ ಇಲ್ಲಿ ನಡೆಯದು. ಎಣ್ಣೆಯನ್ನು ಹರಿಸುವ ಪಂಪು ಎಂಜಿನಿನಿಂದ ನಡೆಯುವುದರಿಂದ, ಎಂಜಿನು ಆರಿ ಚಕ್ರಗಳು ಮಾತ್ರ ತಿರುಗಿದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ಉಜ್ಜಿ ಸವೆಯುತ್ತವೆ. ನಾಲ್ಕು ಚಕ್ರಗಳೂ ನೆಲವನ್ನು ಬಿಟ್ಟು, ಚಪ್ಪಟೆ ಲಾರಿಯ ಮೇಲೆ ಹೇರಿಸುವುದೇ ಸರಿ. ಬಾಡಿಗೆ ಹೆಚ್ಚಾದರೂ ಪೆಟ್ಟಿಗೆಯ ದುರಸ್ತಿಗಿಂತ ಕಡಿಮೆಯೇ ಆದೀತು.

ಗುಡಗಾಂವಿನ ಮಾರುತಿ ಕಾರ್ಖಾನೆಯಲ್ಲಿ 1985ರಿಂದ ಮೂರು ದಶಕಗಳಿಗೂ ಮೀರಿ ತಯಾರಾದ ಜಿಪ್ಸಿಗೆ ಕೈಯಿಂದ ಬದಲಿಸುವ ಗೇರೊಂದೇ ಇತ್ತು. ಅದೇ ಊರಿನಲ್ಲಿ ತಯಾರಾಗಿ 2023ರಲ್ಲಿ ಮಾರಾಟಕ್ಕೆ ಬಂದ ಜಿಮ್ನಿಯಲ್ಲಿ ತಾನೇ ಬದಲಾಗುವ ನಾಲ್ಕು ಗೇರುಗಳ ಪೆಟ್ಟಿಗೆಯೂ ದೊರೆಯಿತು. 2020ರ ಥಾರ್‌ನಲ್ಲಿ ಆರು ಗೇರುಗಳದು. ಇಂತಹ ಗಾಡಿಗಳು ಇನ್ನು ಕೆಲವು ವರ್ಷಗಳಲ್ಲಿ ಎರಡನೆಯ ಕೈಗೆ, ಮೂರನೆಯ ಕೈಗೆ ಬಂದು, ಕೊಡಗಿನ ತೋಟಗಳಿಗೂ ಮಲೆನಾಡಿನ ಅಡಕೆ ಸಾಗಣೆಗೂ ಇಳಿಯುತ್ತವೆ. ಕೊಳ್ಳುವಾಗ ಕೈಪುಸ್ತಕವನ್ನೂ ಕೇಳಿ ಪಡೆಯಬೇಕು. ನಮ್ಮ ಮಿತ್ರರಿಗೆ ಮಾರಿದವನು ಹೆಚ್ಚುವರಿ ಟೈರನ್ನು ಕೊಟ್ಟ, ಪುಸ್ತಕವನ್ನು ಕೊಡಲಿಲ್ಲ.

ಗುತ್ತಿಗೆ ಈಗಲೂ ನಡೆದಿದೆ, ಅದೇ ಗಾಡಿಯಲ್ಲಿಯೇ. ಮೇಲೆ ತಲಪಿದಾಗ ಮಿತ್ರರು ಮೊದಲು ಕೈಬ್ರೇಕನ್ನೆಳೆಯುತ್ತಾರೆ, ಅನಂತರ ಚಿಕ್ಕ ಲಿವರನ್ನು ಮುಟ್ಟಿ ನೋಡುತ್ತಾರೆ, ಆ ಮೇಲೆ ಪಿ. ಬ್ರೇಕಿನಿಂದ ಕಾಲನ್ನು ಮೆಲ್ಲನೆ ಎತ್ತಿ, ಗಾಡಿ ಅಲುಗುವುದಿಲ್ಲವೆಂದು ಕಂಡ ಮೇಲಷ್ಟೇ ಇಳಿಯುತ್ತಾರೆ. ಹುಡುಗನು ಅವರಿಗಿಂತ ಮೊದಲೇ ಕೆಳಗೆ ಹಾರಿ, ಹಿಂದಿನ ಎರಡು ಚಕ್ರಗಳಿಗೂ ಒಂದೊಂದು ಕಲ್ಲನ್ನು ಒದಗಿಸಿ, ಬದಿಯಿಂದ ಬಂದು ಪಾತ್ರೆಯನ್ನು ಇಳಿಸುತ್ತಾನೆ. ಹಾಗೆ ಮಾಡೆಂದು ಅವನಿಗೆ ಯಾರೂ ಹೇಳಿದುದಲ್ಲ.